ಬೂಸಾ ಗೆರೆಯ ಆನೆಮನೆ

ಹಿರಿಯೂರು

ಪರದೇಶಕ್ಕೆ ಹೊರಟವಳು ನಾನು ಅತ್ತದ್ದು ಏರ್‌ಪೋರ್ಟಿನಲ್ಲಲ್ಲ, ಹಿರಿಯೂರಿನಲ್ಲಿ. ಹೈವೇ ಪಕ್ಕದ ಅಂಗಡಿಯಲ್ಲಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಇನ್ನು ಎಷ್ಟೋ ದಿನ ಸಪ್ಪೆ ತಿನ್ನಬೇಕಲ್ಲ ಎಂದು ಒಂದರ ಮೇಲೊಂದು ತಿಂದೆ. ಕಣ್ಣು ಮೂಗು ಎರಡೂ ಹರಿಯತೊಡಗಿದವು. ನಮ್ಮನೆಯವರು ನೀರಿನ ಬಾಟಲಿ ಕೊಟ್ಟು, "ಈಗ್ಲೇ ಅತ್ರೆ ಹೆಂಗೆ? ಇನ್ನೂ ಟೋಲೇ ದಾಟಿಲ್ಲ" ಎಂದರು. ಪಕ್ಕದ ಬಸ್ಸಿನಿಂದ ಇಳಿದ ಹೆಂಗಸೊಬ್ಬರು ನಾನು ನಿಜಕ್ಕೂ ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿ, ಕಾರಿನಲ್ಲಿದ್ದ ಸೂಟ್‌ಕೇಸು ನೋಡಿ, "ಅಳಬ್ಯಾಡ್ರಿ ಅಕ್ಕ, ಮಗ್ಳು ಬಾಣಂತನ ಏನು?" ಎಂದು ಕೇಳಿದರು. ಅಲ್ಲ, ಗೆಳತಿಯ ಮನೆಗೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ನಮ್ಮ ಹೊಸದುರ್ಗದಲ್ಲೂ ಯಾರಿಗೂ ಬಂದಿರಲಿಲ್ಲ.

ಗೆಳತಿ ನಸೀಮಾ. ಚಿತ್ರದುರ್ಗದ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಗೃಹಿಣಿಯಾದೆ, ಅವಳು ದನದ ಡಾಕ್ಟರಾದಳು. ಆಮೇಲೆ ಓದುತ್ತ ಓದುತ್ತ ದನ ಬಿಟ್ಟು ಆನೆ ಹಿಡಿದಳು. ಈಗ ಪೋಲೆಂಡ್ ದೇಶದ ಸಣ್ಣ ಊರೊಂದರ ಝೂನಲ್ಲಿ ವೈದ್ಯೆ. ಊರಿನ ಹೆಸರು ಬರೆಯುತ್ತಿಲ್ಲ, ಕ್ಷಮಿಸಬೇಕು. ಅದರಲ್ಲಿರುವ ಅಕ್ಷರಗಳನ್ನು ಒಟ್ಟಿಗೆ ಉಚ್ಚರಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ.

"ಝೂ ನೋಡಾಕೆ ಪೋಲೆಂಡಿಗೆ ಹೋಗ್ಬೇಕೇನೇ? ದುರ್ಗದಾಗೇ ಐತಲ್ಲ" ಎಂದು ನಮ್ಮನೆಯವರು ಒಂದು ತಿಂಗಳಿಂದ ಹೇಳಿದ ಮಾತನ್ನೇ ಕಾರು ಹತ್ತುವಾಗ ಮತ್ತೊಮ್ಮೆ ಹೇಳಿದರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಒಡೆದಿಲ್ಲ ತಾನೇ ಎಂದು ನಾಲ್ಕು ಸಲ ಮುಟ್ಟಿ ನೋಡಿದವರೂ ಅವರೇ.

ನಸೀಮಾಳ ಅಡುಗೆಮನೆ

ಹಿಮ ಎಂದರೆ ಬಿಳಿ ಎಂದು ತಿಳಿದಿದ್ದೆ. ಬೀದಿಯ ಹಿಮ ಬೂದಿ ಬಣ್ಣ, ನಮ್ಮ ಹಂಡೆಯ ಒಲೆಯಿಂದ ಬಳಿದು ಹಾಕಿದ ಹಾಗೆ. ಮೇಲಿನ ಮನೆಯ ಅಜ್ಜಿ ಮೆಟ್ಟಿಲ ಮುಂದೆ ದಿನಾ ಬೆಳಿಗ್ಗೆ ಅದನ್ನು ಸಲಿಕೆಯಿಂದ ತಳ್ಳಿ ಮರಳು ಉದುರಿಸುತ್ತಾರೆ. ನೀರು ಹಾಕಿ ಗುಡಿಸುವ ನನ್ನ ಕೈ ಅವರನ್ನು ಕಂಡಾಗಲೆಲ್ಲ ತುರಿಸುತ್ತಿತ್ತು. ಇನ್ನೊಂದು ಸಂತೋಷದ ಸಂಗತಿ: ಇಲ್ಲಿಯವರು ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಬರುವುದಿಲ್ಲ! ಬಂದವರಿಗೆಂದೇ ಬಾಗಿಲಲ್ಲಿ ಬಟ್ಟೆಯ ಮೆಟ್ಟು ಇಟ್ಟಿರುತ್ತಾರೆ. ಅರ್ಧ ಪರಕೀಯತೆ ನನಗೆ ಅಲ್ಲೇ ಹೋಯಿತು.

ನಸೀಮಾ ಮಾತ್ರ ಸರಿಯಿರಲಿಲ್ಲ. ರೊಟ್ಟಿ ಮುರಿಯುತ್ತಾಳೆ, ಬಾಯಿಗಿಡುವುದಿಲ್ಲ.

"ಲೇ ಶಶಿ, ನಿಂಗೊಂದು ಕೆಲ್ಸ ಐತೆ ಅಂದಿದ್ನಲ್ಲ" ಎಂದಳು.

"ಹೇಳು. ಉಪ್ಪಿನಕಾಯಿ ಹಾಕ್ಬೇಕಾ?"

"ಮನೆ ನೋಡ್ಬೇಕು."

"ಯಾಕೆ, ಈ ಮನೆಗೇನಾಗೈತೆ?"

"ನಂಗಲ್ಲ ಕಣೇ. ಕಾಶಾಗೆ."

ಕಾಶಾ ಎಂದರೆ ಅವಳ ಝೂನ ಮುದಿ ಹೆಣ್ಣಾನೆ. ಜೊತೆಗೆ ಇನ್ನೊಬ್ಬಳಿದ್ದಾಳೆ, ರೂತಾ, ಪ್ರಾಯದವಳು. ಎರಡೂ ಬೇರೆ ಬೇರೆ ಊರುಗಳಿಂದ ಬಂದ ಆನೆಗಳು, ರಕ್ತಸಂಬಂಧವಿಲ್ಲ. ಬೇಸಿಗೆಯಲ್ಲಿ ಬಯಲು ದೊಡ್ಡದು, ಹೇಗೋ ನಡೆಯುತ್ತದೆ. ಆದರೆ ಅಲ್ಲಿನ ಚಳಿಗಾಲ ಉದ್ದ. ತಿಂಗಳುಗಟ್ಟಲೆ ಆನೆಗಳು ಹೆಚ್ಚು ಹೊತ್ತು ಕಟ್ಟಡದ ಒಳಗೇ ಇರಬೇಕು. ಹಳೆಯ ಆನೆಮನೆಯ ಕೋಣೆಗೆ ಒಂದೇ ಬಾಗಿಲು. ರೂತಾ ಅದಕ್ಕೆ ಅಡ್ಡ ನಿಂತಳೆಂದರೆ ಕಾಶಾ ಒಳಗೇ ಸಿಕ್ಕಿಹಾಕಿಕೊಂಡಳು. ಹುಲ್ಲಿಗೂ ಬರುವಂತಿಲ್ಲ, ನೀರಿಗೂ ಬರುವಂತಿಲ್ಲ. ಹೋದ ಚಳಿಗಾಲದಲ್ಲಿ ರೂತಾ ಅವಳ ಬಾಲದ ತುದಿ ಕಚ್ಚಿ ಹಾಕಿದ್ದಾಳೆ. ಕಾಶಾ ಸೊರಗುತ್ತಿದ್ದಾಳೆ.

ಈಗ ಹೊಸ ಮನೆ ಕಟ್ಟಲು ಒಪ್ಪಿಗೆ ಸಿಕ್ಕಿದೆ. ಅಕ್ಕಪಕ್ಕದ ಎರಡು ಊರುಗಳ ಝೂಗಳಲ್ಲಿ ಹೊಸದಾಗಿ ಕಟ್ಟಿದ ಎರಡು ನಮೂನೆಗಳಿವೆ. ಅದರಲ್ಲಿ ಒಂದನ್ನು ಆರಿಸಬೇಕು. ಝೂನ ನಿರ್ದೇಶಕರು ಶನಿವಾರದೊಳಗೆ ನಸೀಮಾಳ ಅಭಿಪ್ರಾಯ ಕೇಳಿದ್ದಾರೆ, ವೈದ್ಯೆಯ ಮಾತಿಗೆ ತೂಕ ಹೆಚ್ಚು.

"ತಪ್ಪಾದ್ರೆ ಕೆಡವಿ ಇನ್ನೊಂದು ಕಟ್ಟಾಕಾಗಲ್ಲ ಶಶಿ. ಅವಳ ಆಯಸ್ಸಿಗೆ ಇದೇ ಕೊನೇ ಮನೆ" ಎಂದಳು.

"ಅದ್ರಾಗೆ ನಂಗೇನು ಗೊತ್ತಾಗ್ತದೆ?"

"ಮೀಟಿಂಗ್ನಾಗೆ ಕುಂತ್ಕಣೋರೆಲ್ಲ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರೋರು. ಇಡೀ ದಿನ ಒಳಗೇ ಇರೋದು ಅಂದ್ರೆ ಏನು ಅಂತ ಗೊತ್ತಿರೋಳು ನೀನೊಬ್ಳೇ."

"ಇದು ಹೊಗಳಿದ್ದೋ ಬೈದಿದ್ದೋ?"

"ಎರಡೂನು. ಆ ಚಟ್ನಿಪುಡಿ ಈ ಕಡೆ ತಳ್ಳು."

ಮೊದಲ ಮನೆ: ಛತ್ರ

ಮೊದಲನೆಯ ಆನೆಮನೆಯನ್ನು ಕಂಡ ಕೂಡಲೇ ನಾನು ನೂರಕ್ಕೆ ನೂರು ಕೊಟ್ಟುಬಿಟ್ಟೆ. ಕಮಲದ ಕಂಬಗಳೇನು, ಗುಮ್ಮಟವೇನು, ಗೋಡೆಯ ತುಂಬ ಅಂಬಾರಿಯ ಚಿತ್ರಗಳೇನು! ನಮ್ಮ ಇಂಡಿಯಾದ ಅರಮನೆಯಂತೆ ಕಟ್ಟಿದ್ದಾರಂತೆ. ನನಗೆ ಕಂಡದ್ದು ಹೊಳಲ್ಕೆರೆ ರಸ್ತೆಯ ಕಲ್ಯಾಣಮಂಟಪ. ಗಂಡು ಹೆಣ್ಣಿನ ಸಿಂಹಾಸನ ಎಲ್ಲಿಟ್ಟಿದ್ದಾರೆ ಎಂದು ಕಣ್ಣು ತಾನಾಗಿ ಹುಡುಕಿತು. ಕಾಫಿ ಅಂಗಡಿ, ಮೆತ್ತನೆಯ ಬೆಂಚು, ಗೋಡೆಯಿಂದ ಗೋಡೆಗೆ ಗಾಜು. ನೋಡುವವರಿಗೆ ಏನೂ ಕಡಿಮೆ ಮಾಡಿಲ್ಲ.

ನಾನು ಉಣ್ಣೆ ಪ್ಯಾಂಟಿನ ಮೇಲೆ ಇಳಕಲ್ ಸೀರೆ ಉಟ್ಟು, ಮೇಲೆ ನಸೀಮಾಳ ಕೋಟು ತೊಟ್ಟಿದ್ದೆ. ಒಳಗೆ ಬೆಚ್ಚಗಿತ್ತು, ಕೋಟು ತೆಗೆದೆ. ಸ್ವಲ್ಪ ಹೊತ್ತಿಗೆ ಪುಟ್ಟ ಹುಡುಗಿಯೊಬ್ಬಳು ಬಂದು ನನ್ನ ಪಕ್ಕ ನಿಂತಳು. ಅವರಮ್ಮ ಫೋಟೊ ತೆಗೆದರು. ಎಷ್ಟು ಸ್ನೇಹದ ಜನ ಎಂದು ನಾನೂ ಹಲ್ಲು ಬಿಟ್ಟೆ. ಅವರ ಹಿಂದೆ ಇನ್ನೊಂದು ಸಂಸಾರ ಸಾಲು ನಿಂತಿತು. ಆ ತಾಯಿ ಬಹಳ ವಿನಯದಿಂದ ಇಂಗ್ಲಿಷಿನಲ್ಲಿ, ಆನೆಯ ಜೊತೆ ನಿಮ್ಮ ಪ್ರದರ್ಶನ ಎಷ್ಟು ಗಂಟೆಗೆ ಎಂದು ಕೇಳಿದರು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, "ಐ ಆಮ್ ಸೋ ಸಾರಿ, ನಾನೂ ನೋಡಲು ಬಂದವಳು" ಎಂದೆ. ನಸೀಮಾ ಕಂಬ ಹಿಡಿದುಕೊಂಡು ನಕ್ಕಳು.

ನಕ್ಕು ಮುಗಿಸಿ, "ಈಗ ಗುಮ್ಮಟ ಬಿಟ್ಟು ಆನೆ ನೋಡು" ಎಂದಳು.

ನೋಡಿದೆ. ಇದ್ದ ಮೂರು ಆನೆಗಳೂ ಅಂಬಾರಿ ಚಿತ್ರಕ್ಕೆ ಬೆನ್ನು ಹಾಕಿ ಹಿಂದಿನ ಕಬ್ಬಿಣದ ಗೇಟಿನ ಕಡೆಗೆ ಮುಖ ಮಾಡಿ ನಿಂತಿದ್ದವು. ಒಂದು ಮಗು ಕಿರುಚಿದರೆ ಗುಮ್ಮಟದಲ್ಲಿ ಹತ್ತು ಮಕ್ಕಳು ಕಿರುಚಿದಂತೆ ಕೇಳುತ್ತಿತ್ತು. ನೆಲ ನುಣ್ಣಗಿನ ಕಾಂಕ್ರೀಟು. ತುದಿಯಲ್ಲಿದ್ದ ಆನೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಲೇ ಇತ್ತು. ಅದು ನನಗೆ ಗೊತ್ತು. ಅಡುಗೆಮನೆಗೆ ಗ್ರಾನೈಟ್ ಹಾಕಿಸಿದಂದಿನಿಂದ ಒಲೆಯ ಮುಂದೆ ನಾನು ನಿಲ್ಲುವುದೂ ಹಾಗೆಯೇ, ಹಿಮ್ಮಡಿ ನೋವು.

"ಎಷ್ಟು ಕೊಡ್ತಿ?" ಎಂದಳು ನಸೀಮಾ.

"ಮದುವೆಗೆ ನೂರು. ಸಂಸಾರಕ್ಕೆ ಇಪ್ಪತ್ತು."

"ನಮ್ಮ ಡೈರೆಕ್ಟರ್ ಸಾಹೇಬ್ರಿಗೆ ಇದೇ ಇಷ್ಟ" ಎಂದು ಅವಳು ಕೋಟಿನ ಗುಂಡಿ ಹಾಕಿಕೊಂಡಳು.

ಎರಡನೆಯ ಮನೆ: ಗೋಡೌನು

ಎರಡನೆಯದನ್ನು ಹೊರಗಿನಿಂದ ನೋಡಿ ನನಗೆ ಅಯ್ಯೋ ಎನಿಸಿತು. ಭೀಮಸಮುದ್ರದಲ್ಲಿ ಅಡಿಕೆ ತುಂಬುವ ಗೋಡೌನುಗಳಿವೆಯಲ್ಲ, ಥೇಟ್ ಹಾಗೆ. ಬೂದು ತಗಡು, ಎತ್ತರದ ಗೋಡೆ, ಮೇಲುಗಡೆ ಸಾಲು ಕಿಟಕಿ.

ಹಿಂಬಾಗಿಲಲ್ಲಿ ಅಗಲ ತಟ್ಟೆಯಂಥದ್ದರಲ್ಲಿ ನೀರಿತ್ತು. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರಲಿ ಎಂದು ಇಟ್ಟಿದ್ದಾರೆ, ಎಂಥ ಸಂಸ್ಕಾರವಂತರು ಎಂದುಕೊಂಡೆ. ಬೂಟು ಕಳಚಿ, ಕಾಲುಚೀಲ ಮಡಿಸಿ ಇಟ್ಟು, ಸೀರೆ ಎತ್ತಿ ಹಿಡಿದು ತಟ್ಟೆಯಲ್ಲಿ ನಿಂತೆ. ಪ್ರಾಣ ನೆತ್ತಿಗೆ ಹೋಗುವಷ್ಟು ಥಂಡಿ. ಆದರೂ ಹಿಮ್ಮಡಿ ಉಜ್ಜಿ ತೊಳೆದು, ಎರಡು ಹನಿ ತಲೆಗೆ ಪ್ರೋಕ್ಷಿಸಿಕೊಳ್ಳಲು ಬಗ್ಗಿದಾಗ ನಸೀಮಾ ಓಡಿ ಬಂದು ಕೈ ಹಿಡಿದಳು.

"ಯಾ ಅಲ್ಲಾ! ಅದು ಔಷಧಿ ಕಣೇ, ಬೂಟಿನ ರೋಗಾಣು ಸಾಯಾಕೆ! ಬೂಟು ಹಾಕ್ಕಂಡು ತುಳೀಬೇಕು!"

ಅಲ್ಲಿನ ಆನೆ ನೋಡಿಕೊಳ್ಳುವಾತ ಒಳಗೆ ಹೋಗಿ ಬಿಸಿನೀರು, ಟವೆಲು ತಂದು ಕೊಟ್ಟ. ನಗಲೂ ಇಲ್ಲ. ಇಲ್ಲಿಯವರು ನಗುವುದಕ್ಕೆ ಸ್ವಲ್ಪ ಪರಿಚಯ ಬೇಕು, ಆದರೆ ಟವೆಲಿಗೆ ಬೇಡ.

ಒಳಗೆ ಕಾಲಿಟ್ಟರೆ ನೆಲವೆಲ್ಲ ಮರಳು. ತೋಟದ ಗುಡ್ಡೆಯ ಹಾಗೆ ಅಲ್ಲಲ್ಲಿ ರಾಶಿ ಹಾಕಿದ್ದರು. ಹುಲ್ಲು ನೆಲದ ಮೇಲಿರಲಿಲ್ಲ. ಎತ್ತರದಲ್ಲಿ ಬಲೆಯೊಳಗೆ ತೂಗು ಹಾಕಿತ್ತು. ಒಂದು ಆನೆ ಸೊಂಡಿಲು ಚಾಚಿ ಒಂದೊಂದೇ ಎಳೆ ಎಳೆಯುತ್ತಿತ್ತು, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ನಾವು ತುದಿಗಾಲಲ್ಲಿ ನಿಂತು ಕೈ ಹಾಕುವ ಹಾಗೆ. ಇನ್ನೊಂದನ್ನು ಹುಡುಕಬೇಕಾಯಿತು. ಅದು ಮರಳು ರಾಶಿಗೆ ಒರಗಿ, ಹಾಡಹಗಲಲ್ಲಿ ಕಾಲು ಚಾಚಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಆನೆ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಧೈರ್ಯ ಇಲ್ದಿದ್ರೆ ಆನೆ ಮಲಗಲ್ಲ. ನಿಂತೇ ತೂಕಡಿಸ್ತದೆ" ಎಂದು ನಸೀಮಾ ಪಿಸುಗುಟ್ಟಿದಳು.

ತಗಡಿನ ಬಗ್ಗೆ ಅಂದುಕೊಂಡದ್ದನ್ನೆಲ್ಲ ವಾಪಸು ತೆಗೆದುಕೊಂಡೆ. ನಸೀಮಾಳ ಮುಖದಲ್ಲಿ ಬೆಳಕು ಬಂದಿತ್ತು. ನಕಾಶೆ ಬಿಚ್ಚಿ ತೋರಿಸಿದಳು: ಪ್ರತಿ ಕೋಣೆಗೂ ಎರಡೆರಡು ಬಾಗಿಲು. ಇದೇ ಸರಿ ಎಂದು ಇಬ್ಬರೂ ಕೈಕುಲುಕಿದೆವು.

ಆದರೆ ವಾಪಸು ಕಾರು ಓಡಿಸುತ್ತ ಅವಳು ಮಡಿಲಲ್ಲಿದ್ದ ನಕಾಶೆಯತ್ತ ಎರಡು ಸಲ ನೋಡಿದಳು. ಆಮೇಲೆ, "ಅಲ್ಲಿರೋವು ತಾಯಿ ಮಗಳು ಕಣೇ. ನಮ್ಮವು ಹಂಗಲ್ಲ" ಎಂದಳು.

"ಹೂಂ. ತಾಯಿ ಮಗಳ ಮನೆ ಬೇರೆ, ಅತ್ತೆ ಸೊಸೆ ಮನೆ ಬೇರೆ" ಎಂದೆ.

"ಅದನ್ನ ನಕಾಶೆ ನೋಡಿ ಹೆಂಗೆ ಹೇಳೋದು?"

"ನಕಾಶೆ ನೋಡಿ ನಮ್ಮತ್ತೆ ಏನೂ ಹೇಳ್ಲಿಲ್ಲ. ಗೆರೆ ಎಳ್ಸಿದ್ರು."

ನಸೀಮಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟಳು. "ನಮ್ಮಪ್ಪನೂ ಎಳ್ಸಿದ್ರಲ್ಲೇ! ದುರ್ಗದಾಗೆ ಮನೆ ಕಟ್ಟಿಸುವಾಗ!"

ನಸೀಮಾಳ ಝೂ, ಆನೆ ಅಂಗಳ

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಪಾಯ ತೆಗೆಯುವ ಮೊದಲು ಗಾರೆಯವರು ದಾರ ಹಿಡಿದು, ಮನೆ ಎಷ್ಟಿದೆಯೋ ಅಷ್ಟನ್ನೂ ನೆಲದ ಮೇಲೆ ಸುಣ್ಣದಪುಡಿಯಲ್ಲಿ ಬರೆಯುತ್ತಾರೆ. ಆಮೇಲೆ ಮನೆಯ ಹೆಂಗಸರೆಲ್ಲ ಗೆರೆಯೊಳಗೆ ಓಡಾಡಿ ಜಗಳ ಶುರು ಮಾಡುತ್ತಾರೆ. ನಮ್ಮತ್ತೆ ಗೆರೆಯ ಅಡುಗೆಮನೆಯಲ್ಲಿ ನಿಂತು, "ಇಲ್ಲಿ ಒಲೆ, ಇಲ್ಲಿ ನಾನು. ಈಗ ನೀನು ಕೊಡ ಹೊತ್ಕಂಡು ಒಳಗೆ ಬಾ ನೋಡಾಣ" ಎಂದಿದ್ದರು. ಬರಲಾಗಲಿಲ್ಲ. ಗಾರೆಯವರು ಗೊಣಗುತ್ತ ಗೋಡೆ ಸರಿಸಿದರು.

ಝೂನಲ್ಲಿ ಸುಣ್ಣ ಹಾಕುವಂತಿರಲಿಲ್ಲ, ಆನೆ ತಿರುಗಾಡುವ ಜಾಗ, ಪಾದ ಸುಡುತ್ತದೆ. ಕಾಶಾಳನ್ನು ನೋಡಿಕೊಳ್ಳುವ ಮಾರೆಕ್ ಎಂಬಾತ ದಾಸ್ತಾನು ಕೋಣೆಯಿಂದ ಎರಡು ಮೂಟೆ ಗೋಧಿ ಬೂಸಾ ಉರುಳಿಸಿ ತಂದ. ಆನೆಗಳು ಒಳಗಿದ್ದವು. ಹಿಮ ಬಳಿದ ಅಂಗಳ ಕಪ್ಪಗೆ ಗಟ್ಟಿಯಾಗಿತ್ತು. ಗೋಡೌನು ಮನೆಯ ನಕಾಶೆಯಂತೆ ಮಾರೆಕ್ ಟೇಪು ಹಿಡಿದ, ನಸೀಮಾ ಹಗ್ಗ ಎಳೆದಳು, ನಾನು ಗೆರೆ ಬಿಟ್ಟೆ. ಎಷ್ಟು ವರ್ಷದ ಅಭ್ಯಾಸ! ಬೂಸಾ ಬೆರಳ ಸಂದಿಯಿಂದ ಸಲೀಸಾಗಿ ಇಳಿಯಿತು. ಕಾಶಾಳ ಕೋಣೆಯ ಬಾಗಿಲಿಗೆ ಬಂದಾಗ ಕೈ ತಡೆಯದೆ ಹೊಸಿಲಲ್ಲಿ ಒಂದು ದೊಡ್ಡ ಕಮಲವನ್ನೂ ಬಿಡಿಸಿದೆ.

ನೆಲದ ಮೇಲೆ ಬರೆದ ಕೋಣೆ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಇದೂ ಕಂಡಿತು. ಇನ್ನು ಆನೆಗಳು ಬೇಕಲ್ಲ? ಮಾರೆಕ್ ಹುಲ್ಲು ತುಂಬಿದ ಉದ್ದನೆಯ ತಳ್ಳುಗಾಡಿ ತಂದು, ರೂತಾ ಇಷ್ಟುದ್ದ ಎಂದ. ಅದನ್ನು ನಸೀಮಾ ಹಿಡಿದಳು. ನಾನು ಕಾಶಾ, ನನ್ನ ಕೈಯಲ್ಲಿ ಲದ್ದಿ ಸಾಗಿಸುವ ಒಂಟಿಚಕ್ರದ ಗಾಡಿ.

ನಾನು ಒಳಗೆ ಹೋಗಿ ಇಲ್ಲದ ಹುಲ್ಲು ತಿಂದೆ. ರೂತಾ ಬಂದು ಬಾಗಿಲ ಗೋಡೆಗೆ ಉದ್ದಕ್ಕೆ ಗಾಡಿ ನಿಲ್ಲಿಸಿದಳು.

"ಸ್ವಲ್ಪ ಜಾಗ ಬಿಡ್ರಿ ಅತ್ತೆ, ನೀರಿಗೆ ಹೋಗ್ಬೇಕು" ಎಂದೆ. ವಯಸ್ಸಿನಲ್ಲಿ ಕಾಶಾ ಹಿರಿಯಳಾದರೂ ದಬ್ಬಾಳಿಕೆಯಲ್ಲಿ ರೂತಾಳೇ ಅತ್ತೆ.

"ಬಿಡಲ್ಲ ಹೋಗೇ. ಆ ಕಡೆ ಬಾಗ್ಲಾಗೆ ಹೋಗು."

"ಆ ಕಡೆ ಬಾಗ್ಲಾಗೂ ನಿಮ್ಮ ಸೊಂಟಾನೇ ಐತಲ್ರೀ!"

ಮಾರೆಕ್‌ಗೆ ಕನ್ನಡ ಬರುವುದಿಲ್ಲ, ಆದರೂ ಹೊಟ್ಟೆ ಹಿಡಿದು ನಗುತ್ತಿದ್ದ. ನಾನೂ ನಕ್ಕೆ. ನಸೀಮಾ ಮಾತ್ರ ನಗು ನಿಲ್ಲಿಸಿ ತನ್ನ ಗಾಡಿಯನ್ನೇ ನೋಡುತ್ತ ನಿಂತಳು. ಗಾಡಿಯ ಒಂದು ತುದಿ ಮೊದಲ ಬಾಗಿಲಿಗೆ ಅಡ್ಡವಾಗಿತ್ತು, ಇನ್ನೊಂದು ತುದಿ ಎರಡನೆಯದಕ್ಕೆ. ಎರಡು ಬಾಗಿಲೂ ಒಂದೇ ಗೋಡೆಯಲ್ಲಿದ್ದವು, ಪಕ್ಕಪಕ್ಕದಲ್ಲಿ.

ಅವಳು ಹುಲ್ಲಿನ ಮೇಲೆ ಕುಳಿತುಬಿಟ್ಟಳು. "ಎರಡು ಬಾಗ್ಲು ಐತೆ ಅಂತ ನಾನೇ ಟಿಕ್ ಹಾಕಿದೀನಿ ಶಶಿ. ಎಲ್ರೂ ಹಾಕಿದಾರೆ. ಹಿಂಗೇ ಕಟ್ಟಿದ್ರೆ ಕಾಶಾ ಮತ್ತೆ ಒಳಗೇ…"

"ಕಟ್ಟಿಲ್ವಲ್ಲ. ಬೂಸಾ ತಾನೆ, ಅಳ್ಸಿದ್ರಾತು."

ಎರಡನೆಯ ಬಾಗಿಲಿಗಾಗಿ ಗೆರೆ ಅಳಿಸುವುದು ಎಲ್ಲಿ ಎಂಬುದೇ ಪ್ರಶ್ನೆಯಾಯಿತು. ಎದುರು ಗೋಡೆಯ ನಡುಮಧ್ಯೆ ಎಂದೆ ನಾನು. ಅವಳು ಬಲಗಡೆ ಎಂದಳು. ಬೆಂಚಿನ ಮೇಲೆ ಗೆರೆ ಎಳೆದು ಜಗಳವಾಡುತ್ತಿದ್ದ ಹುಡುಗಿಯರಂತೆಯೇ ವಾದ ಮಾಡಿದೆವು. ಕತ್ತಲಾಗುತ್ತ ಬಂತು, ಮೂಗು ಮರಗಟ್ಟಿತು, ತೀರ್ಮಾನವಾಗಲಿಲ್ಲ.

ಶನಿವಾರ, ಅದೇ ಅಂಗಳ

ಬೆಳಿಗ್ಗೆ ಸೂರ್ಯ ಬಂದಿದ್ದ. ಅಲ್ಲಿ ಅದು ದೊಡ್ಡ ಸುದ್ದಿ. ಅಂಗಡಿಯ ಹೆಂಗಸರು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಮುಖ ಕಾಯಿಸಿಕೊಳ್ಳುತ್ತಿದ್ದರು.

ನಿರ್ದೇಶಕರು ಎತ್ತರದ ಮನುಷ್ಯ, ಕುತ್ತಿಗೆಗೆ ಮೂರು ಸುತ್ತು ಮಫ್ಲರು. ನಮ್ಮ ಗೆರೆಗಳನ್ನು ಗಂಭೀರವಾಗಿ ಸುತ್ತಿ ನೋಡಿ, ಹೊಸಿಲ ಕಮಲದ ಮುಂದೆ ನಿಂತು, ಇದು ಯಾವ ಉಪಕರಣ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಉಪಕರಣ ಅಲ್ಲ ಸರ್. ಬಾಗಿಲು ಬೋಳಾಗಿ ಕಾಣಬಾರದೆಂದು" ಎಂದೆ.

"ಯೋಜನೆಯಲ್ಲಿ ಇಲ್ಲ" ಎಂದು ಮುಂದೆ ಹೋದರು.

ನಸೀಮಾ ಬಾಗಿಲ ವಿಷಯ ಹೇಳಿದಳು. ಅವರು ಆಗದೆಂಬಂತೆ ಅಡ್ಡಡ್ಡ ತಲೆ ಆಡಿಸಿದರು. ಬಾಗಿಲು ಎಳೆಯುವ ಯಂತ್ರಗಳೆಲ್ಲ ಒಂದೇ ಗೋಡೆಯಲ್ಲಿರಬೇಕು, ಅದಕ್ಕೇ ಹಾಗೆ. ಇನ್ನೊಂದು ಗೋಡೆಗೆ ಬಾಗಿಲು ಎಂದರೆ ಎಲ್ಲ ಹೊಸದಾಗಿ ಆಗಬೇಕು. ಹುಲ್ಲುಗಾಡಿ ಆನೆಯಲ್ಲ ಡಾಕ್ಟರ್, ಎಂದರು. ಇದಕ್ಕಿಂತ ಆ ಗುಮ್ಮಟದ ಮನೆಯೇ ವಾಸಿ, ಜನಕ್ಕೂ ಇಷ್ಟ ಎಂದೂ ಸೇರಿಸಿದರು. ನಸೀಮಾಳ ಕಿವಿ ಕೆಂಪಗಾಯಿತು. ಅದು ಚಳಿಗಲ್ಲ ಎಂದು ನನಗೆ ಗೊತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಸುಮ್ಮಸುಮ್ಮನೆ ಬೈದಾಗಲೂ ಹಾಗೇ ಆಗುತ್ತಿತ್ತು.

ಆಗ ಮಾರೆಕ್ ದೂರದಿಂದ ಕೂಗಿ ಏನೋ ಕೇಳಿದ. ಬಿಸಿಲಿದೆ, ಆನೆ ಬಿಡಲೇ ಎಂದಂತೆ. ನಿರ್ದೇಶಕರು ಕೈ ಬೀಸಿ ಒಪ್ಪಿದರು. ನಾವೆಲ್ಲ ಬೇಲಿಯಾಚೆ ಬಂದೆವು.

ಕಾಶಾ ಮೊದಲು ಬಂದಳು. ಹಣೆಯ ಗುಳಿ ಎದ್ದು ಕಾಣುವ, ಬೆನ್ನೆಲುಬು ಕಾಣುವ ಆನೆ. ಬಾಲದ ತುದಿ ಬೋಳು. ಸೊಂಡಿಲು ನೆಲ ಮುಟ್ಟಿದ್ದೇ ನಿಂತಳು. ಬೂಸಾ ಎಲ್ಲಕ್ಕಿಂತ ದಪ್ಪಗೆ ಇದ್ದದ್ದು ನನ್ನ ಕಮಲದಲ್ಲಿ. ಒಂದು ದಳ ತಿಂದಳು. ಇನ್ನೊಂದು ತಿಂದಳು. ಕಮಲ ಮುಗಿಸಿ, ಬಾಗಿಲ ಗೆರೆ ದಾಟಿ, ಒಳಗಿನ ಗೋಡೆಯನ್ನು ನೆಕ್ಕುವವಳಂತೆ ಒರೆಸುತ್ತ ಕೋಣೆಯೊಳಗೆ ಹೋದಳು.

ನಿರ್ದೇಶಕರು ನಸೀಮಾಳ ಕಡೆ ನೋಡಿ, ಮನೆ ರುಚಿಯಾಗಿದೆ ಎಂದರು.

ಹಿಂದೆಯೇ ರೂತಾ ಬಂದಳು. ಅವಳಿಗೂ ಬೂಸಾ ವಾಸನೆ ಹೊಡೆದಿತ್ತು. ಬಾಗಿಲ ಗೋಡೆಯ ಗೆರೆಗೆ ಉದ್ದಕ್ಕೆ ನಿಂತು ತಿನ್ನತೊಡಗಿದಳು. ತಲೆ ಒಂದು ಬಾಗಿಲಿನಲ್ಲಿ, ಹಿಂಭಾಗ ಇನ್ನೊಂದರಲ್ಲಿ. ಹುಲ್ಲುಗಾಡಿ ನಿಂತಲ್ಲೇ.

ಕಾಶಾ ತಲೆ ಎತ್ತಿ ನೋಡಿದಳು. ತಿನ್ನುವುದನ್ನು ನಿಲ್ಲಿಸಿದಳು. ಬೋಳು ಬಾಲವನ್ನು ಮೈಗೆ ಒತ್ತಿಕೊಂಡಳು. ಸುತ್ತ ಬಯಲು, ಗೋಡೆ ಎಂಬುದು ಒಂದು ಬೆರಳಿನಷ್ಟು ಬೂಸಾ, ಆದರೂ ಅವಳು ಒಳಗೆ ಸಿಕ್ಕಿಬಿದ್ದವಳ ಹಾಗೆ ನಿಂತಳು. ನಿರ್ದೇಶಕರು ಮಫ್ಲರಿನಿಂದ ಗದ್ದ ಹೊರತೆಗೆದರು. ನಸೀಮಾ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಆಮೇಲೆ ಕಾಶಾ ಮೆಲ್ಲಗೆ ತಿರುಗಿದಳು. ನಾನು ಹೇಳಿದ ನಡುಮಧ್ಯಕ್ಕೂ ಹೋಗಲಿಲ್ಲ, ನಸೀಮಾ ಹೇಳಿದ ಬಲಗಡೆಗೂ ಹೋಗಲಿಲ್ಲ. ಹಿಂದಿನ ಎಡಮೂಲೆಯಲ್ಲಿ, ಬಿಸಿಲು ಬೀಳುವ ಕಡೆ, ಗೆರೆಯ ಮೇಲೆ ಕಾಲಿಟ್ಟು ಅಳಿಸಿಕೊಂಡು ಹೊರಗೆ ನಡೆದಳು. ಮಾರೆಕ್ ಆಚೆ ಅಂಗಳದ ಗೇಟು ತೆರೆದ. ಅವಳು ಅದನ್ನೂ ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆ ತಿಂದು ಮುಗಿಸಿದ ರೂತಾಳನ್ನೂ ಸೇಬು ತೋರಿಸಿ ಕರೆದೊಯ್ದರು. ಗೇಟು ಮುಚ್ಚಿತು.

ನಿರ್ದೇಶಕರೇ ಮೊದಲು ಒಳಗೆ ಹೋದರು. ಅಳಿಸಿದ ಮೂಲೆಯಲ್ಲಿ ನಿಂತು, ಬೂಸಾದಲ್ಲಿ ಮೂಡಿದ ದುಂಡನೆಯ ಹೆಜ್ಜೆಯ ಪಕ್ಕ ತಮ್ಮ ಕೈಗವಸು ಇಟ್ಟರು.

"ಇಲ್ಲಿಯೇ?" ಎಂದರು.

"ಅಲ್ಲೇ" ಎಂದಳು ನಸೀಮಾ, ಕನ್ನಡದಲ್ಲಿ. ಅವರಿಗೆ ಅರ್ಥವಾಯಿತು.

"ಯಂತ್ರದವರ ಜೊತೆ ನಾನು ಮಾತಾಡುತ್ತೇನೆ. ಅಗಲ ಎಷ್ಟು ಬೇಕು?"

ಮಾರೆಕ್ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟ. ನಾನು ಸೀರೆ ಮಡಚಿ ತಣ್ಣನೆಯ ನೆಲದ ಮೇಲೆ ಕೂತೆ. ನಸೀಮಾ ಕಣ್ಣು ಒರೆಸಿಕೊಂಡು, "ಬಿಗಿಯಾಗಿ ಹಿಡಿಯೇ, ಕುಲುಕಬ್ಯಾಡ" ಎಂದು ಗದರಿಸಿದಳು. ನಿರ್ದೇಶಕರು ಮಫ್ಲರು ನೆಲಕ್ಕೆ ತಾಗುವಂತೆ ಬಗ್ಗಿದರು. ಹೀಗೆ ನಾವು ನಾಲ್ವರು ಮಂಡಿಯೂರಿ ಒಂದು ಆನೆ ಹಾದುಹೋದ ಜಾಗವನ್ನು ಅಳೆಯುತ್ತಿದ್ದರೆ, ಗೇಟಿನಾಚೆ ಕಾಶಾ ನಮಗೆ ಬೆನ್ನು ಹಾಕಿ, ಕಿವಿ ಬೀಸುತ್ತ, ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಳು.